ಮೆಟ್ಟಿಲ ಮೇಲೆ ಉಸಿರು ಓದುವ ರಾಯವ್ವ

ಬೆಳಗಿನ ಆರೂವರೆ. ಗೋಕಾಕದ ಆಸ್ಪತ್ರೆಯೊಂದರ ಮೆಟ್ಟಿಲ ಬುಡದಲ್ಲಿ ಆಯಾ ರಾಯವ್ವ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ಕುಲಗೋಡದ ರಾಚಪ್ಪ, ಹರ್ನಿಯಾ ಆಪರೇಷನ್‌ಗೆ ಬಂದವರು. ರಕ್ತ, ಮೂತ್ರ, ಇಸಿಜಿ ಎಲ್ಲ ಮುಗಿದಿದೆ. ಇನ್ನು ಎರಡು ಅಂತಸ್ತು ನಿಲ್ಲದೆ ಹತ್ತಬೇಕು. ಅರಿವಳಿಕೆ ತಡೆಯುವ ತಾಕತ್ತು ಎದೆಗಿದೆಯೇ ಎಂದು ನೋಡುವ ಪರೀಕ್ಷೆ ಇದು. ರೋಗಿಯ ಜೊತೆ ರಾಯವ್ವನೂ ಹತ್ತಬೇಕು. ನಲವತ್ನಾಲ್ಕು ಮೆಟ್ಟಿಲು, ದಿನಕ್ಕೆ ಎಂಟು ಹತ್ತು ಜನ. ಇವರ ಕೆಲಸ ನೋಡಲು ಬಂದ ನನಗೆ ಲೆಕ್ಕ ಹಾಕಿಯೇ ಸುಸ್ತಾಯಿತು.

ಇಪ್ಪತ್ತನೇ ಮೆಟ್ಟಿಲಲ್ಲಿ ರಾಚಪ್ಪ ಕಂಬಿ ಹಿಡಿದು ನಿಲ್ಲುತ್ತಾರೆ. "ಯಾವೂರವಾ ತಂಗಿ ನಿಂದು?" ರಾಯವ್ವ ಯಮಕನಮರಡಿ ಎಂದರೆ, ಅಲ್ಲಿ ತಮ್ಮ ಬೀಗರಿದ್ದಾರೆ ಎಂದು ಮಾತು ಬೆಳೆಸುತ್ತಾರೆ. ಎಷ್ಟು ಸಭ್ಯ ಮನುಷ್ಯ ಅಂದುಕೊಂಡೆ. ರಾಯವ್ವ ಮಾತ್ರ ಮೇಲೆ ಹೋದವರೇ ಅರಿವಳಿಕೆ ವೈದ್ಯೆ ಸುಮನಾ ಅವರಿಗೆ, ಇವರಿಗೆ ದಮ್ಮು ಹತ್ತುತ್ತದೆ ಎಂದುಬಿಟ್ಟರು.

"ಗಂಡಸ್ರು ದಮ್ಮ ಹತ್ತೇತಿ ಅಂತ ಬಾಯಿಬಿಟ್ಟ ಹೇಳಂಗಿಲ್ರಿ" ಎಂದು ನನಗೆ ತಿಳಿಸಿದರು. "ನಿಂತು ಊರು ಕೇರಿ ಕೇಳ್ತಾರ. ಉಸಿರಿಗೆ ಒಂದೀಟ ಟೈಮ್ ಬೇಕಾಗಿರತೈತಿ."

ಇದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಹದಿನಾಲ್ಕು ವರ್ಷ ಸಂಕೇಶ್ವರದ ಸುತ್ತ ಕಬ್ಬು ಕಡಿದವರು ರಾಯವ್ವ. ತಲೆಯ ಮೇಲೆ ಹೊರೆ, ಕಾಲ ಕೆಳಗೆ ಲಾರಿಗೆ ಆನಿಸಿದ ಹಲಗೆ. ಮುಂದಿನವರ ಉಸಿರು ಕಟ್ಟಿದರೆ ಹೊರೆ ಹಿಂದಿನವರ ಮೇಲೆ. ಹಾಗೆ ಬಿದ್ದೇ ಎಡ ಮೊಣಕಾಲು ಕೆಟ್ಟಿದ್ದು. ಆ ಕಾಲಲ್ಲೇ ಒಂಬತ್ತು ವರ್ಷದಿಂದ ಈ ಮೆಟ್ಟಿಲು ಹತ್ತುತ್ತಿದ್ದಾರೆ. ಆಪರೇಷನ್ ಸುಸೂತ್ರವಾದರೆ ಜನ ಡಾಕ್ಟರ ಕಾಲಿಗೆ ಬೀಳುತ್ತಾರೆ. ಇವರ ಹೆಸರು ಯಾರೂ ಕೇಳುವುದಿಲ್ಲ.

ಸುಮನಾ ಆಪರೇಷನ್ ತಡೆದು ಎದೆಯ ಸ್ಕ್ಯಾನ್ ಮಾಡಿಸಿದರು. ರಾಚಪ್ಪನವರ ಹೃದಯದ ಕವಾಟ ತೀರಾ ಕಿರಿದಾಗಿತ್ತು. ಅರಿವಳಿಕೆ ಕೊಟ್ಟಿದ್ದರೆ ಕೈ ಮೀರುತ್ತಿತ್ತಂತೆ. ತಾವು ಇಸಿಜಿ ನೋಡಿ ಆಪರೇಷನ್‌ಗೆ ಸಹಿ ಹಾಕಲು ಸಿದ್ಧರಾಗಿದ್ದುದಾಗಿ ಅವರೇ ಒಪ್ಪಿಕೊಂಡರು. ಇಸಿಜಿಗೆ ಸಿಗದ್ದು ಈಕೆಯ ಕಣ್ಣಿಗೆ ಸಿಕ್ಕಿತಲ್ಲ!

ರಾಚಪ್ಪನವರಿಗೆ ಅದೇನೂ ಬೇಕಿರಲಿಲ್ಲ. ರಾತ್ರಿಯಿಂದ ಉಪವಾಸ, ಈಗ ಆಪರೇಷನ್ನೂ ಇಲ್ಲ, ಮೊದಲು ಎದೆ ತೋರಿಸಲು ಬೆಳಗಾವಿಗೆ ಹೋಗಬೇಕು. ತಂಗಿ ಎಂದು ಕರೆದರೆ ಚಾಡಿ ಹೇಳಿದಳೆಂದು ರಾಯವ್ವನನ್ನು ಬೈಯುತ್ತಲೇ ಗೇಟು ದಾಟಿದರು.

ಬೇಸರವಾಯಿತೇ ಎಂದು ಕೇಳಿದೆ. ರಾಯವ್ವ ಆಗಲೇ ಮುಂದಿನ ರೋಗಿಯ ಕೈ ಹಿಡಿದಿದ್ದರು.

"ಸಿಟ್ಟಾಗ್ಲಿ ಬಿಡ್ರಿ. ಸಿಟ್ಟಾಗಾಕ ಜೀವ ಇರಬೇಕಲ್ರಿ."