ಗುರುತಿನ ಪೆರೇಡಿನಲ್ಲಿ ನಾನು ನಿಂತದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲೆಲ್ಲ ನಾನೇ ಮುಂದಾಗಿ ಗೇಲಿ ಮಾಡುತ್ತಿದ್ದೆ. ಅನುಮಾನಪಡುವುದೇ ನನ್ನ ಕಸುಬು. ಯಾವ ದೇಶದ ಪೊಲೀಸರು, ಯಾವ ದೇಶದ ಕೋರ್ಟುಗಳು ಅಪರಾಧಿಯನ್ನು ಹೇಗೆ ಗುರುತಿಸುತ್ತವೆ ಎಂದು ಹೋಲಿಸಿ ನೋಡುವುದರಲ್ಲೇ ತಲೆಗೂದಲು ಬೆಳ್ಳಗಾಗಿದೆ. ‘ಕಣ್ಣಾರೆ ಕಂಡೆ’ ಎನ್ನುವವರನ್ನು ಸುಲಭವಾಗಿ ನಂಬಬೇಡಿ ಎಂಬುದೇ ನಾನು ಇಷ್ಟು ವರ್ಷ ಬರೆದದ್ದರ, ಪಾಠ ಮಾಡಿದ್ದರ ಸಾರ.

ಕೆಲವು ವರ್ಷಗಳ ಹಿಂದೆ ಇಲ್ಲೇ ಮೈಸೂರಿನ ಜೈಲಿನಲ್ಲಿ ಗುರುತಿನ ಪೆರೇಡೊಂದನ್ನು ನೋಡಲು ಅನುಮತಿ ಸಿಕ್ಕಿತು. ಆರೋಪಿಯನ್ನು ಅವನ ಹಾಗೇ ಕಾಣುವ ಕೆಲವರ ನಡುವೆ ನಿಲ್ಲಿಸುತ್ತಾರೆ. ಸಾಕ್ಷಿ ಬಂದು ಇವನೇ ಎಂದು ಮುಟ್ಟಿ ತೋರಿಸಬೇಕು. ಒಂಟಿಕೊಪ್ಪಲಿನ ವಯಸ್ಸಾದ ಹೆಂಗಸೊಬ್ಬರ ಮನೆಗೆ ಮಟಮಟ ಮಧ್ಯಾಹ್ನ ಯಾರೋ ನೀರು ಕೇಳಿಕೊಂಡು ಬಂದು, ದೇವರ ಪಟದ ಮುಂದಿಟ್ಟಿದ್ದ ಸರವನ್ನು ಎತ್ತಿಕೊಂಡು ಹೋಗಿದ್ದ. ತೀರಿಹೋದ ಮಗಳ ಸರ ಅದು. ಆಕೆಗೆ ಉಳಿದಿದ್ದದ್ದು ಅದೊಂದೇ.

ಸಾಲಿಗೆ ಒಬ್ಬರು ಕಡಿಮೆ ಬಿದ್ದರು. ಆರೋಪಿ ನನ್ನದೇ ವಯಸ್ಸಿನ, ನರೆತ ಮೀಸೆಯ, ಸಣಕಲು ಆಸಾಮಿ. ಪೆರೇಡು ನಡೆಸಲು ಬಂದಿದ್ದ ತಹಸೀಲ್ದಾರರು ನನ್ನನ್ನು ನೋಡಿ ನಕ್ಕರು. “ಸಾರ್, ನೀವೂ ಹಂಗೇ ಇದೀರಿ. ಸುಮ್ನೆ ನಿಂತ್ಕೊಂಡ್ಬುಡಿ.” ಸಂಶೋಧಕನಿಗೆ ಇದಕ್ಕಿಂತ ಇನ್ನೇನು ಬೇಕು? ಖುಷಿಯಿಂದಲೇ ಕೈಕಟ್ಟಿ ನಿಂತೆ.

ಆಕೆ ಸಾಲಿನುದ್ದಕ್ಕೂ ನಿಧಾನವಾಗಿ ಬಂದರು. ಆರೋಪಿಯನ್ನು ದಾಟಿದರು. ನನ್ನ ಮುಂದೆ ನಿಂತು ಭುಜದ ಮೇಲೆ ಕೈಯಿಟ್ಟರು.

“ಇವ್ರೇ ಕಣ್ರೀ. ಎಡಗೈ ತೋರ್ಸಕ್ಕೇಳಿ, ಸುಟ್ಟ ಕಲೆ ಇರ್ಬೇಕು. ಚೊಂಬು ಎಡಗೈಲಿ ಇಸ್ಕೊಂಡ್ರು, ಅದಕ್ಕೇ ನೋಡ್ದೆ.”

ನಾನು ಎಡಚ. ಚಿಕ್ಕಂದಿನಲ್ಲಿ ದೀಪಾವಳಿಯ ದಿನ ಸುರುಸುರುಬತ್ತಿಯ ಕಾದ ತಂತಿ ಹಿಡಿದು ಅಂಗೈ ಸುಟ್ಟುಕೊಂಡಿದ್ದೆ. ಆ ಕಲೆ ಇನ್ನೂ ಇದೆ. ತಹಸೀಲ್ದಾರರು ನನ್ನ ಅಂಗೈ ನೋಡಿದವರು ಮತ್ತೆ ನಗಲಿಲ್ಲ. ಸಾಕ್ಷಿ ತಪ್ಪು ವ್ಯಕ್ತಿಯನ್ನು ತೋರಿಸಿದರು ಎಂದು ಬರೆದುಕೊಂಡರು. ಆರೋಪಿಯ ಅಂಗೈಯಲ್ಲಿ ಕಲೆ ಇರಲಿಲ್ಲ. ಮುಂದೆ ಅವನು ಬಿಡುಗಡೆಯಾದ.

ನನಗೆ ಮೊದಲು ಅನುಮಾನ ಬಂದದ್ದು ಪೊಲೀಸರ ಮೇಲೆ. ನನ್ನ ಲೇಖನಗಳು ಅವರಿಗೆ ಹಿಡಿಸುತ್ತಿರಲಿಲ್ಲ, ಯಾರೋ ಆಕೆಗೆ ಹೇಳಿಕೊಟ್ಟಿರಬೇಕು ಅಂದುಕೊಂಡೆ. ಆದರೆ ನಾನು ಸಾಲಿನಲ್ಲಿ ನಿಲ್ಲುವುದು ನನಗೇ ಮೊದಲು ಗೊತ್ತಿರಲಿಲ್ಲ. ಕಳ್ಳತನವಾದ ಹೊತ್ತಿನಲ್ಲಿ ನಾನು ತರಗತಿಯಲ್ಲಿದ್ದೆ. ಖಾತ್ರಿಗೆಂದು ವಿದ್ಯಾರ್ಥಿಗಳನ್ನು ಕೇಳಿದೆ. “ಇದ್ರಿ ಸಾರ್, ಪಾಠ ಮಾಡಿದ್ರಿ” ಎಂದರು. ಸಾಕ್ಷಿಗಳ ನೆನಪನ್ನು ನಂಬಬೇಡಿ ಎಂದು ಅವರಿಗೆ ಹೇಳಿಕೊಟ್ಟವನು ನಾನೇ. ಈಗ ಅವರ ನೆನಪನ್ನು ಹೇಗೆ ನಂಬಲಿ?

ಇದನ್ನು ಮುಗಿಸಿಬಿಡೋಣವೆಂದು ಒಂದು ಸಂಜೆ ಆಕೆಯ ಮನೆಗೇ ಹೋದೆ. ನನ್ನನ್ನು ಕಂಡು ಆಕೆ ಹೆದರಲಿಲ್ಲ, ಕೂಗಾಡಲಿಲ್ಲ. “ಬನ್ನಿ” ಎಂದು ಹೇಳಿ ನೀರು ತರಲು ಒಳಗೆ ಹೋದರು. ನಡುಮನೆಯಲ್ಲಿ ಕತ್ತಲಿತ್ತು. ನಾನು ಬಾಗಿಲ ಪರದೆ ಸರಿಸಿ, ಅದರ ಹಿಂದಿದ್ದ ಸ್ವಿಚ್ಚು ಒತ್ತಿದೆ. ದೀಪ ಹತ್ತಿತು. ಹತ್ತಿದ ಮೇಲೆ ಕೈ ಹಿಂದಕ್ಕೆಳೆದುಕೊಂಡೆ. ಸ್ವಿಚ್ಚು ಅಲ್ಲಿದೆ ಎಂದು ನನಗೆ ಯಾರು ಹೇಳಿದ್ದರು? ಆ ಬೀದಿಗೇ ನಾನು ಹಿಂದೆಂದೂ ಕಾಲಿಟ್ಟವನಲ್ಲ.

ಆಕೆ ಚೊಂಬು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗಾಬರಿಯಲ್ಲೂ ಚೊಂಬನ್ನು ಬಲಗೈಯಲ್ಲಿ ಇಸಿದುಕೊಂಡೆ. ನಾನು ನೀರು ಕುಡಿದು ಮುಗಿಸಿದ ಮೇಲೆ ಆಕೆ ಹೇಳಿದರು.

“ಕೇಸು ಗೀಸು ಏನೂ ಬ್ಯಾಡ ಸಾರ್. ನಮ್ ಹುಡುಗಿ ಸರ ಒಂದು ತಂದ್ಕೊಟ್ಬುಡಿ, ಸಾಕು.”

ನಾನಲ್ಲಮ್ಮಾ ಎನ್ನಬೇಕಿತ್ತು. ಖಾಲಿ ಚೊಂಬನ್ನು ಆಕೆಯ ಕೈಗಿಟ್ಟು ಹೊರಟುಬಂದೆ.

ಯಾರು ಏನು ಬೇಕಾದರೂ ಅಂದುಕೊಳ್ಳಲಿ, ಆಮೇಲೆ ಆದದ್ದನ್ನೂ ಹೇಳಿಬಿಡುತ್ತೇನೆ. ದಟ್ಟಗಳ್ಳಿಯ ನಮ್ಮ ಮನೆಗೆ ಬಂದವನೇ ಬಾಗಿಲು ಹಾಕಿಕೊಂಡು ನನ್ನ ಬೀರು, ಹಳೇ ಚೀಲಗಳು, ಕೋಟಿನ ಜೇಬುಗಳನ್ನೆಲ್ಲ ಹುಡುಕಿದೆ. ಸರ ಸಿಗಲಿಲ್ಲ. ಹೆಂಡತಿ ಏನು ಹುಡುಕುತ್ತಿದ್ದೀರಿ ಎಂದಾಗ ಕನ್ನಡಕ ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಈಗಲೂ ಹೆಂಡತಿ ಊರಿಗೆ ಹೋದಾಗ ಒಮ್ಮೆ ಹುಡುಕುತ್ತೇನೆ.