ಹವಾಲ್ದಾರ್ ಯಂಕಪ್ಪನನ್ನು ಬಿಟ್ಟು ಬರೆದ ಇತಿಹಾಸ

ನಮ್ಮ ರೆಜಿಮೆಂಟಿನ ಇತಿಹಾಸದಿಂದ ಹವಾಲ್ದಾರ್ ಯಂಕಪ್ಪನ ಹೆಸರನ್ನು ನಾನು ಬೇಕೆಂದೇ ಬಿಟ್ಟೆ. ಸೇಡು ತೀರಿಸಿಕೊಳ್ಳಲು ಬಿಟ್ಟೆ.

ನಾನು ರಾಯಚೂರಿನವನು, ಸೇನೆಯಲ್ಲಿ ಮೇಜರ್ ಆಗಿದ್ದವನು. ಅವನು ದೇವದುರ್ಗದ ಕಡೆಯವನು, ನನ್ನ ಕೈಕೆಳಗಿದ್ದ; ರೆಜಿಮೆಂಟಿನಲ್ಲಿ ಅವನಂಥ ಕುಸ್ತಿಪಟು ಇನ್ನೊಬ್ಬನಿರಲಿಲ್ಲ. ಗಡಿಯಲ್ಲಿ ಶೆಲ್ ಬೀಳತೊಡಗಿದ ದಿನ ಗಾಯಾಳುಗಳನ್ನು ಬಿಟ್ಟು ನಾನು ಹಿಂದೆ ಓಡಿದೆ. ಅವನು ಮುಂದೆ ಹೋಗಿ ಒಬ್ಬೊಬ್ಬರನ್ನೇ ಹೆಗಲ ಮೇಲೆ ಹೊತ್ತು ತಂದ. ವಿಚಾರಣೆಯಲ್ಲಿ ಕರ್ನಲ್ ಕೇಳಿದಾಗ ನಡೆದದ್ದನ್ನು ನನ್ನೆದುರೇ ಹೇಳಿದ. ಹೊರಗೆ ಬಂದವನು ನನಗಂದ: "ತಪ್ಪು ತಿಳ್ಕೋಬ್ಯಾಡ್ರಿ ಸಾಹೇಬ್ರ. ನನಗ ಸುಳ್ಳು ಹೇಳಾಕ ಬರಂಗಿಲ್ರಿ."

ನನ್ನ ಬಡ್ತಿ ಅಲ್ಲಿಗೇ ನಿಂತಿತು. ಆ ಮಾತು ಮಾತ್ರ ಒಳಗೆ ಕುದಿಯುತ್ತಲೇ ಇತ್ತು.

ನಿವೃತ್ತನಾದ ಮೇಲೆ ಇತಿಹಾಸ ಬರೆಯುವ ಕೆಲಸ ನನ್ನ ಕೈಗೆ ಬಂತು. 'ಜವಾನರು ಗಾಯಾಳುಗಳನ್ನು ತಂದರು' ಎಂದಷ್ಟೇ ಬರೆದೆ. ಅದೂ ಸಾಲದೆ, ಸೇನೆಯ ಕ್ರೀಡೆಗಳ ಬಗ್ಗೆ ಇನ್ನೊಂದು ಪುಸ್ತಕ ಬರೆದಾಗ ಕುಸ್ತಿಯಲ್ಲಿ ಅವನಿಗೆ ಸೋತವರ ಹೆಸರೆಲ್ಲ ಹಾಕಿ, ಗೆದ್ದ ಅವನನ್ನು ಬಿಟ್ಟೆ. ಗುಂಪಿನ ಚಿತ್ರದ ತುದಿಯಲ್ಲಿ ನಿಂತಿದ್ದವನನ್ನು ಕತ್ತರಿಸಿ ತೆಗೆದೆ. ಅಂದು ಹೊಟ್ಟೆ ತುಂಬ ಉಂಡೆ—ನಾಚಿಕೆಯಾಗಲಿಲ್ಲ.

ಒಮ್ಮೆ ಯಂಕಪ್ಪ ತನ್ನ ಮಗಳನ್ನು ಕರೆದುಕೊಂಡು ರಾಯಚೂರಿನ ನನ್ನ ಮನೆಗೆ ಬಂದ. ಅವಳು ಮಾನ್ವಿಯಲ್ಲಿ ಶಿಕ್ಷಕಿ.

"ಸಾಹೇಬ್ರ, ಮಗಳು ಎರಡೂ ಪುಸ್ತಕ ಓದ್ಯಾಳ್ರಿ. ನನ್ನ ಹೆಸ್ರು ಎಲ್ಲೂ ಕಾಣವಲ್ದು ಅಂತಾಳ."

"ಜಾಗ ಸಾಲಲಿಲ್ಲ, ಯಂಕಪ್ಪ."

ಅವನ ಮುಖ ಬಾಡುವುದನ್ನು ನಾನು ಕಣ್ತುಂಬ ನೋಡಿದೆ. ಇದಕ್ಕಾಗಿಯೇ ವರ್ಷಗಟ್ಟಲೆ ಕಾದಿದ್ದೆ. ಅವನು ಚಹಾ ಕುಡಿದು, ಎದ್ದು ನಿಂತು ನನಗೆ ಸೆಲ್ಯೂಟ್ ಹೊಡೆದು ಹೋದ.

ಹೋದ ವರ್ಷ ಅವನು ತೀರಿಕೊಂಡ. ಸುದ್ದಿ ಕೇಳಿದೊಡನೆ ನನಗೆ ಬಂದದ್ದು ನಗು—ಸಾಕ್ಷಿ ಹೇಳುವವನು ಇನ್ನಿಲ್ಲ ಎಂಬ ನಗು. ಆ ನಗುವಿಗೆ ನಾನೇ ಹೆದರಿದೆ. ಮಾನ್ವಿಗೆ ಹೋಗಿ ಅವನ ಮಗಳಿಗೆ ಎಲ್ಲವನ್ನೂ ಹೇಳಿದೆ.

ಅವಳು ಕೂಗಾಡಲಿಲ್ಲ. "ಅಪ್ಪ ಸಾಯೋತನಕ ಏನಂತಿದ್ದ ಗೊತ್ತೇನ್ರಿ? 'ಸಾಹೇಬ್ರು ಸುಳ್ಳು ಬರಿಯಂಗಿಲ್ಲ. ನಾ ಮಾಡಿದ್ದ ಅಷ್ಟು ದೊಡ್ಡದಿರಲಿಕ್ಕಿಲ್ಲ' ಅಂತಿದ್ದ."

ಹೊಸ ಮುದ್ರಣದಲ್ಲಿ ಹೆಸರು ಸೇರಿಸುತ್ತೇನೆ ಎಂದೆ.

"ಹೆಸ್ರಷ್ಟ ಬ್ಯಾಡ್ರಿ. ಯಾಕ ಬಿಟ್ರಿ ಅನ್ನೋದನ್ನೂ ಬರೀರಿ."

ಬರೆದಿದ್ದೇನೆ. ಗಾಯಾಳುಗಳನ್ನು ಹೊತ್ತು ತಂದವನು ಹವಾಲ್ದಾರ್ ಯಂಕಪ್ಪ. ಓಡಿದವನು ನಾನು.