ನಿಂಗತ್ತೆ ನೀರು ಕುಡಿದ ಮನೆ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಒಳಗೊಳಗೇ ನಗು. ಕನಕಪುರದ ಬಸ್ಸಿನಲ್ಲಿ ಯಾರಾದರೂ ‘ಆ ತಿರುವಿನಲ್ಲಿ ಬಿಳಿ ಸೀರೆಯವಳು ಕೈ ಅಡ್ಡ ಹಾಕ್ತಾಳಂತೆ’ ಎಂದು ಶುರು ಮಾಡಿದರೆ ‘ಟಿಕೆಟ್ ತಗೊಂಡ್ಲಾ ಕೇಳಿ’ ಎಂದು ಬಾಯಿ ಹಾಕುವವಳು ನಾನು. ಚಿಕ್ಕವಳಿದ್ದಾಗ ಮೂರು ದಾರಿ ಕೂಡುವಲ್ಲಿ ಯಾರೋ ಮಂತ್ರಿಸಿ ಇಟ್ಟಿದ್ದ ನಿಂಬೆಹಣ್ಣನ್ನು ಎತ್ತಿಕೊಂಡು ಬಂದು ಶರಬತ್ತು ಮಾಡಿ ಕುಡಿದು, ಪೊರಕೆಯಲ್ಲಿ ಹೊಡೆಸಿಕೊಂಡಿದ್ದೇನೆ. ಶರಬತ್ತು ಚೆನ್ನಾಗಿಯೇ ಇತ್ತು. ಹಾಗಾಗಿ ಈಗ ಹೇಳಲಿರುವುದನ್ನು ನೀವು ನಂಬಬೇಕೆಂದು ಕೇಳುವ ಮುಖ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ಒಳ್ಳೆಯದು, ನನಗಂತೂ ಇಷ್ಟು ವರ್ಷವಾದರೂ ಹೊಳೆದಿಲ್ಲ.

ನಾನು ರಾಮನಗರದಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳುತ್ತೇನೆ. ಓದಿದ್ದು ಮಣ್ಣಿನ ವಿಷಯ. ಕೆಲವು ವರ್ಷದ ಹಿಂದೆ ಅದರಲ್ಲೇ ಮುಂದೆ ಓದಲು ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ವರ್ಷದಲ್ಲಿ ಅರ್ಧ ಕಾಲ ಹಿಮ ಬೀಳುವ ಊರು ಅದು. ಸ್ಕಾಲರ್‌ಶಿಪ್ಪೂ ಬಂದಿತ್ತು, ವೀಸಾನೂ ಆಗುವುದರಲ್ಲಿತ್ತು. ಉಳಿದದ್ದು ಇರಲು ಒಂದು ರೂಮು ಮತ್ತು ನಮ್ಮ ನಿಂಗತ್ತೆಯ ಒಪ್ಪಿಗೆ. ಮೊದಲನೆಯದು ಸುಲಭ, ಎರಡನೆಯದೇ ಕಷ್ಟ ಎಂದು ಎಲ್ಲರಿಗೂ ಗೊತ್ತಿತ್ತು.

ನಿಂಗತ್ತೆ ನಮ್ಮಪ್ಪನ ಅಕ್ಕ. ನನಗೆ ನಾಲ್ಕು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಮಾಗಡಿ ಕಡೆಯ ಕಲ್ಯದಲ್ಲಿ ಹೊಲ ನೋಡಿಕೊಂಡು ಉಳಿದರು, ನನ್ನನ್ನು ಅತ್ತೆ ಕೋಡಿಹಳ್ಳಿ ಹತ್ತಿರದ ತನ್ನ ಊರಿಗೆ ಕರೆದುಕೊಂಡು ಬಂದಳು. ಮಾವ, ಇಬ್ಬರು ಗಂಡುಮಕ್ಕಳು, ಮೂರು ಹಸು, ಮನೆ ತುಂಬ ರೇಷ್ಮೆಹುಳ. ಅದರ ನಡುವೆ ನಾನೊಬ್ಬಳು ಹೆಚ್ಚಾದದ್ದು ಯಾರಿಗೂ ಭಾರವಾಗಲಿಲ್ಲ. ಅತ್ತೆಗೆ ಸಹಿ ಹಾಕಲು ಬರುತ್ತಿತ್ತು, ಅಷ್ಟೇ. ಆದರೆ ನನ್ನ ಯಾವ ಮಾರ್ಕ್ಸ್ ಕಾರ್ಡೂ ಅವಳ ಕೈಗೆ ಹೋಗದೆ ಪೆಟ್ಟಿಗೆಗೆ ಹೋಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವಳು ಕಲ್ಲು. ನಮ್ಮ ಕಡೆಯ ಹಳಬರಲ್ಲಿ ಹೆಣ್ಣು ಕೊಡುವ ಮೊದಲು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರುತ್ತಾರೆ. ನೋಡುವುದೆಂದರೆ ಒಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬರುವುದು. ಮನಸ್ಸಿಗೆ ಬರುವವರೆಗೆ ಆ ಮನೆಯ ನೀರನ್ನೂ ಮುಟ್ಟುವುದಿಲ್ಲ. ನೀರು ಕುಡಿದರು ಎಂದರೆ ಮನೆ ಒಪ್ಪಿದರು ಎಂದು ಲೆಕ್ಕ. ನಿಂಗತ್ತೆಯ ಮದುವೆಯಲ್ಲಿ ಈ ಶಾಸ್ತ್ರ ನಡೆಯಲೇ ಇಲ್ಲವಂತೆ. ಯಾರೋ ನೆಂಟರ ಮಾತು ನಂಬಿ ತಾತ ಕೊಟ್ಟುಬಿಟ್ಟರು. ಬಂದ ಮಾರನೆಯ ದಿನ ಬಿಂದಿಗೆ ಹಿಡಿದು ಹೊರಟಾಗಲೇ ಅವಳಿಗೆ ಗೊತ್ತಾದದ್ದು, ಬಾವಿ ಒಂದು ಮೈಲಿ ದೂರ ಎಂದು. ಹನ್ನೊಂದು ವರ್ಷ ಸೊಂಟದ ಮೇಲೆ ನೀರು ಹೊತ್ತಳು. ‘ನಿಮ್ಮಾವ ಒಳ್ಳೇನು, ಬಾವಿ ಒಳ್ಳೇದಲ್ಲ’ ಎಂದು ನಗುತ್ತಲೇ ಹೇಳುತ್ತಿದ್ದಳು. ಆದರೆ ಮನೆ ನೋಡದೆ ಈ ಮನೆಯ ಹೆಣ್ಣುಮಗಳನ್ನು ಎಲ್ಲಿಗೂ ಕಳಿಸಬಾರದೆಂಬುದು ಅವಳ ಪಟ್ಟು. ಮೈಸೂರಿನ ಹಾಸ್ಟೆಲಿಗೆ ನಾನು ಸೇರುವ ಮೊದಲು ಬಸ್ಸಿನಲ್ಲಿ ಹೋಗಿ, ಅಲ್ಲಿನ ನೀರು ಕುಡಿದು ಬಂದವಳು ಅವಳು.

‘ಅದು ಮದುವೆ ಅಲ್ಲತ್ತೆ, ಬಾಡಿಗೆ ರೂಮು’ ಎಂದೆ. ‘ಮಲಗೋದು ಅಲ್ಲೇ ತಾನೆ?’ ಎಂದಳು. ಅಪ್ಪನನ್ನು ಕೇಳಿದರೆ ಅವರು ಒಂದೇ ಮಾತಿನಲ್ಲಿ ಕೈ ತೊಳೆದುಕೊಂಡರು: ‘ಸಾಕ್ದೋಳು ಅಕ್ಕ. ಅವಳು ಹ್ಞೂಂ ಅಂದ್ರೆ ಹೋಗು, ಇಲ್ಲಾಂದ್ರೆ ಇಲ್ಲೇ ಏನಾದ್ರೂ ಓದು.’

ಕೊನೆಗೆ ವಿಡಿಯೋ ಕಾಲಿಗೆ ಒಪ್ಪಿಸಿದೆವು. ಚನ್ನಪಟ್ಟಣದ ಶ್ವೇತಾ ಎಂಬವಳು ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವಳು, ಆಗಲೇ ಆ ಊರಿನಲ್ಲಿ ಓದುತ್ತಿದ್ದಳು. ಒಂದೇ ದಿನ ಮೂರು ರೂಮು ತೋರಿಸುತ್ತೇನೆ, ಅವತ್ತೇ ಹೇಳಬೇಕು, ಮೂರಕ್ಕೂ ಬೇರೆಯವರು ಕಾಯುತ್ತಿದ್ದಾರೆ, ಇವು ತಪ್ಪಿದರೆ ಈ ವರ್ಷ ರೂಮು ಸಿಗುವುದು ಅನುಮಾನ ಎಂದಿದ್ದಳು. ನಮಗೆ ದೀಪ ಹಚ್ಚುವ ಹೊತ್ತು, ಅವರಿಗೆ ಬೆಳಿಗ್ಗೆ. ಏಪ್ರಿಲ್ ತಿಂಗಳು. ನಮ್ಮಲ್ಲಿ ಬೆನ್ನು ಬೇಯುವ ಸೆಕೆ, ಅಲ್ಲಿ ಇನ್ನೂ ಹಿಮ ಬೀಳುತ್ತಿತ್ತು.

ನಡುಮನೆಯಲ್ಲಿ ಚಾಪೆ ಹಾಸಿ, ನೀರು ತುಂಬಿದ ಚೊಂಬಿಗೆ ಫೋನು ಒರಗಿಸಿ, ಅತ್ತೆ ಚಕ್ಕಳಮಕ್ಕಳ ಹಾಕಿ ಕೂತಳು. ಅವತ್ತು ಬೆಳಿಗ್ಗೆ ಹಿಪ್ಪುನೇರಳೆ ತೋಟದಲ್ಲಿ ಎಡವಿ ಎಡಗಾಲಿನ ಹೆಬ್ಬೆರಳು ಒಡೆದಿತ್ತು. ಅದಕ್ಕೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿಕೊಂಡಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ.

‘ಅದ್ಯಾಕವ್ವ ಬೀದಿಗೆಲ್ಲ ಸುಣ್ಣ ಚೆಲ್ಲವ್ರೆ?’ ಎನ್ನುವುದು ಅವಳ ಮೊದಲ ಪ್ರಶ್ನೆ.

‘ಹಿಮ ಅತ್ತೆ ಅದು’ ಎಂದು ಶ್ವೇತಾ ಅಲ್ಲಿಂದಲೇ ನಕ್ಕಳು.

ಮೊದಲನೆಯದು ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡ ಎತ್ತರದ ಕಟ್ಟಡ, ನಾಲ್ಕು ಹುಡುಗಿಯರಿಗೆ ಒಂದೇ ಮನೆ. ‘ಉಸಿರಾಡಕ್ಕೂ ಪಾಳಿ ಕಾಯ್ಬೇಕು, ಬ್ಯಾಡ’ ಎಂದಳು. ಎರಡನೆಯದು ನೆಲದಡಿಯ ರೂಮು. ‘ಇಂಥ ತಾವ ಹುಳಾನೇ ಬದುಕಕಿಲ್ಲ, ಮಗ ಬದುಕ್ತದಾ?’ ಎಂದಳು. ರೇಷ್ಮೆಹುಳಕ್ಕೆ ಆಗದ ಜಾಗ ಮನುಷ್ಯರಿಗೂ ಆಗದು ಎಂಬುದು ಅವಳ ವಿಜ್ಞಾನ.

ಮೂರನೆಯದು ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸಿನ ಹಳೆಯ ಮರದ ಮನೆ. ಆಕೆ ಕೆಳಗಿರುತ್ತಿದ್ದರು, ಖಾಲಿ ಇದ್ದದ್ದು ಮಹಡಿಯ ಒಂದು ರೂಮು. ಬಸ್ಸು ಹತ್ತಿ ಹೋಗಬೇಕು, ಅದಕ್ಕೇ ಶ್ವೇತಾ ಅದನ್ನು ಕೊನೆಗೆ ಇಟ್ಟಿದ್ದಳು. ಅತ್ತೆ ಮಾತ್ರ ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು.

‘ಶ್ವೇತವ್ವ, ಫೋನ್ ನೆಲದ ಮ್ಯಾಲಿಟ್ಟು ನೀನು ಒಸಿ ಆಚೆಗೋಗು. ಮನೆ ನೋಡೋವಾಗ ಪಕ್ಕದಲ್ಲಿ ಮಾತಾಡೋರು ಇರಬಾರ್ದು.’

ನನಗೆ ನಾಚಿಕೆಯಾಯಿತು. ಶ್ವೇತಾ ಒಳ್ಳೆಯವಳು, ‘ಕಾಫಿ ತಗೊಂಡು ಬರ್ತೀನಿ, ಹತ್ತು ನಿಮಿಷ’ ಎಂದು ಫೋನನ್ನು ಅಂಗಾತ ನೆಲಕ್ಕಿಟ್ಟು ಹೋದಳು. ಪರದೆಯ ಮೇಲೆ ಬರೀ ಬಿಳಿ ಸೂರು. ಅತ್ತೆ ಅದನ್ನೇ ನೋಡುತ್ತಾ ಕೂತಳು. ಒಂದೆರಡು ನಿಮಿಷ ನಾನೂ ನೋಡಿದೆ, ಆಮೇಲೆ ಬೇಸರವಾಗಿ ಹಸುಗಳಿಗೆ ನೀರಿಡಲು ಹಿತ್ತಲಿಗೆ ಹೋದೆ. ಅವತ್ತು ಕಲ್ಯದಿಂದ ಬಂದಿದ್ದ ಅಪ್ಪ ಎದುರಿನ ಜಗಲಿಯಲ್ಲೇ ಕೂತಿದ್ದರು. ತೆರೆದ ಬಾಗಿಲಿನಿಂದ ಅವರಿಗೆ ಅತ್ತೆ ಪೂರ್ತಿ ಕಾಣುತ್ತಿದ್ದಳು. ಕೂತಲ್ಲಿಂದ ಅಲ್ಲಾಡಲೂ ಇಲ್ಲ ಎಂದು ಅವರು ಇವತ್ತಿಗೂ ಹೇಳುತ್ತಾರೆ.

ನಾನು ವಾಪಸು ಬಂದಾಗ ಅತ್ತೆ ಕೆನ್ನೆ ಒತ್ತಿಕೊಂಡು ಮುಖ ಕಿವುಚಿಕೊಂಡಿದ್ದಳು.

‘ಏನಾಯ್ತತ್ತೆ?’

‘ಏನಿಲ್ಲ ಮಗ, ಹಲ್ಲು ಜುಮ್ ಅಂತದೆ’ ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಆಮೇಲೆ ಅಪ್ಪನಿಗೂ ಕೇಳುವಂತೆ, ‘ನೀರು ಕುಡ್ದೆ. ಮನೆ ಚೆಂದಾಗೈತೆ. ಕಳ್ಸೋಣ’ ಎಂದಳು.

ಎದುರಿಗಿದ್ದ ಚೊಂಬಿನ ನೀರು ಕುಡಿದು ಶಾಸ್ತ್ರ ಮುಗಿಸಿದಳು ಎಂದುಕೊಂಡೆ. ಆ ಹೊತ್ತಿಗೆ ನನಗೆ ಅಷ್ಟೇ ಸಾಕಿತ್ತು, ಕುಣಿಯುವುದೊಂದು ಬಾಕಿ. ಫೋನು ಚೊಂಬಿಗೆ ಒರಗಿದಂತೆಯೇ ಇತ್ತು, ಚೊಂಬಿನಲ್ಲಿ ನೀರು ಕಂಠದವರೆಗೂ ಇತ್ತು. ಅದನ್ನು ನಾನು ನೋಡಿದ್ದೆ. ಲೆಕ್ಕಕ್ಕೆ ತೆಗೆದುಕೊಂಡದ್ದು ನಾಲ್ಕು ತಿಂಗಳಾದ ಮೇಲೆ.

ಆಗಸ್ಟಿನಲ್ಲಿ ಎರಡು ಸೂಟ್‌ಕೇಸು ಎಳೆದುಕೊಂಡು ಆ ಮನೆಯ ಮೆಟ್ಟಿಲು ಹತ್ತಿದೆ. ಮಾರ್ಗರೆಟ್ ಬಾಗಿಲಲ್ಲೇ ಕಾದಿದ್ದರು. ರೂಮು ತೋರಿಸಿದರು, ಕಿಟಕಿ ಹೇಗೆ ಹಾಕಬೇಕೆಂದು ಹೇಳಿಕೊಟ್ಟರು. ಆಮೇಲೆ ಕಪಾಟಿನಿಂದ ಒಂದು ಜೊತೆ ಬೂದು ಬಣ್ಣದ ಉಣ್ಣೆಯ ಕಾಲುಚೀಲ ತೆಗೆದು ನನ್ನ ಕೈಗಿಟ್ಟರು. ‘ಇದನ್ನು ನಿನ್ನ ಮನೆಯ ಹಿರಿಯರಿಗೆ ಕಳಿಸು. ಅವತ್ತು ಹಾಗೇ ಬಿಟ್ಟು ಹೋದರು’ ಎಂದರು.

ಯಾವ ಹಿರಿಯರು ಎಂದು ಕೇಳಿದೆ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ‘ಅವತ್ತು ನಿನ್ನ ಸ್ನೇಹಿತೆ ಕಾಫಿಗೆ ಹೊರಗೆ ಹೋದಳು. ಮಹಡಿಯಲ್ಲಿ ಯಾರೋ ಇದ್ದಾರೆ ಅನ್ನಿಸಿ ಹತ್ತಿ ಬಂದೆ. ರೂಮಿನಲ್ಲಿ ಗೋಡೆಯ ಪಕ್ಕ ನೆಲದ ಮೇಲೆ ಒಬ್ಬ ಹೆಂಗಸು ಕಾಲು ಮಡಿಸಿ ಕೂತಿದ್ದರು, ಒಂದು ಅಂಗೈ ಗೋಡೆಯ ಮೇಲಿತ್ತು. ನಿನಗಾಗಿ ರೂಮು ನೋಡಲು ನಿನ್ನ ಸ್ನೇಹಿತೆಯ ಜೊತೆ ಬಂದ ನಿನ್ನ ಮನೆಯವರು ಅಂದುಕೊಂಡೆ. ಹಿಮದಲ್ಲಿ ಬರಿಗಾಲು ಕಂಡು ಗಾಬರಿಯಾಯಿತು, ಒಂದು ಹೆಬ್ಬೆರಳಿಗೆ ಹಳದಿ ಬಟ್ಟೆ ಬೇರೆ. ಕೆಳಗೆ ಹೋಗಿ ಕಾಲುಚೀಲ ತಂದೆ. ನಕ್ಕು ಬೇಡ ಎಂದು ಕೈ ಆಡಿಸಿದರು. ಆಮೇಲೆ ಬಾಯಿಯ ಹತ್ತಿರ ಹೆಬ್ಬೆರಳು ತಂದು ನೀರು ಕೇಳಿದರು. ಒಂದು ಲೋಟ ಕೊಟ್ಟೆ. ನಲ್ಲಿಯ ನೀರು, ಆ ಕಾಲದಲ್ಲಿ ಕೊರೆಯುತ್ತಿರುತ್ತದೆ. ಪೂರ್ತಿ ಕುಡಿದು ಕೆನ್ನೆ ಹಿಡಿದುಕೊಂಡರು, ನಾವಿಬ್ಬರೂ ನಕ್ಕೆವು. ಕೆಳಗೆ ಫೋನು ಹೊಡೆದುಕೊಂಡಿತೆಂದು ಹೋದೆ. ಸ್ವಲ್ಪ ಹೊತ್ತಿಗೆ ನಿನ್ನ ಸ್ನೇಹಿತೆ ತರಗತಿಗೆ ಹೊತ್ತಾಯಿತೆಂದು ಓಡಿದಳು. ಆ ಹಿರಿಯರು ಮೊದಲೇ ಹೊರಟಿರಬೇಕು ಅಂದುಕೊಂಡೆ.’

ನಾನು ಕಾಲುಚೀಲ ಹಿಡಿದು ಹಾಸಿಗೆಯ ಮೇಲೆ ಕೂತುಬಿಟ್ಟೆ.

ಆಮೇಲೆ ನನ್ನ ಬುದ್ಧಿಗೆ ತೋಚಿದ್ದನ್ನೆಲ್ಲ ಮಾಡಿದೆ. ನೆಲದ ಮೇಲಿದ್ದ ಫೋನಿನಲ್ಲಿ ಅತ್ತೆಯ ಮುಖ ಕಂಡು ಆಕೆಗೆ ಭ್ರಮೆಯಾಗಿರಬಹುದು. ಆದರೆ ಪರದೆಯಲ್ಲಿ ಕಂಡದ್ದು ಬರೀ ಮುಖ, ಹೆಬ್ಬೆರಳಲ್ಲ. ಶ್ವೇತಾ ತಮಾಷೆಗೆ ಹೇಳಿಕೊಟ್ಟಿರಬಹುದು. ಆದರೆ ಅವಳಿಗೂ ಹೆಬ್ಬೆರಳು ಗೊತ್ತಿರಲಿಲ್ಲ. ಕೇಳಿದರೆ ‘ನಿನಗೆ ಜೆಟ್‌ಲ್ಯಾಗ್, ಮಲಗು’ ಎಂದಳು. ಬೇರೆ ಯಾರೋ ರೂಮು ನೋಡಲು ಬಂದಿರಬಹುದು. ಹಿಮದಲ್ಲಿ, ಬರಿಗಾಲಲ್ಲಿ, ಅರಿಸಿನದ ಬಟ್ಟೆ ಕಟ್ಟಿಕೊಂಡು? ಚೊಂಬು ನೆನಪಾದದ್ದು ಆಗಲೇ. ಅತ್ತೆ ಅದನ್ನು ಎತ್ತಿದ್ದರೆ ಒರಗಿಸಿದ್ದ ಫೋನು ಬೀಳಬೇಕಿತ್ತು.

ಒಂದು ನಿರ್ಧಾರ ಮಾಡಿದೆ. ಅತ್ತೆಗಾಗಲಿ ಅಪ್ಪನಿಗಾಗಲಿ ಈ ವಿಷಯ ಬಾಯಿ ಬಿಡಬಾರದು. ಮೊದಲೇ ಹೇಳಿದರೆ ಅತ್ತೆ ‘ಹೌದು ಹೌದು’ ಎಂದು ಸೇರಿಸಿಕೊಂಡು ಹೇಳುವಳು, ಆಮೇಲೆ ಯಾವುದು ನಿಜವೆಂದು ತಿಳಿಯುವುದಿಲ್ಲ. ಪ್ರಯೋಗಾಲಯದ ಬುದ್ಧಿ. ಕಾಲುಚೀಲವನ್ನು ಅಂಚೆಯಲ್ಲೂ ಕಳಿಸಲಿಲ್ಲ. ಎರಡು ವರ್ಷ ಸೂಟ್‌ಕೇಸಿನ ತಳದಲ್ಲಿಟ್ಟುಕೊಂಡೆ.

ಆ ಎರಡು ವರ್ಷದ ಬಗ್ಗೆ ಬೇಕಾದರೆ ಒಂದು ಪುಸ್ತಕ ಬರೆಯಬಹುದು. ಮಾರ್ಗರೆಟ್ ನನಗೆ ಮಂಜುಗಡ್ಡೆಯ ಮೇಲೆ ಬಾತುಕೋಳಿಯ ಹಾಗೆ ನಡೆಯುವುದು ಕಲಿಸಿದರು. ನಾನು ಮಾಡಿದ ರಾಗಿಮುದ್ದೆಯನ್ನು ಚಾಕುವಿನಲ್ಲಿ ಕತ್ತರಿಸಿ ತಿಂದರು, ನಾನು ತಡೆಯಲಿಲ್ಲ. ಜ್ವರ ಬಂದ ಒಂದು ವಾರ ಮೆಟ್ಟಿಲು ಹತ್ತಿ ಬಂದು ಗಂಜಿ ಕುಡಿಸಿದರು, ಅವರದೇ ಮಂಡಿನೋವಿನಲ್ಲಿ. ‘ನಿನ್ನ ಹಿರಿಯರಿಗೆ ಮಾತು ಕೊಟ್ಟಿದ್ದೇನೆ’ ಎನ್ನುತ್ತಿದ್ದರು. ಯಾವ ಭಾಷೆಯಲ್ಲಿ ಕೊಟ್ಟರೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಅತ್ತೆಯ ಜೊತೆ ಫೋನಿನಲ್ಲಿ ಮಾತಾಡಿಸಲೂ ಇಲ್ಲ. ಪ್ರಯೋಗ ಕೆಟ್ಟೀತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಭಯ.

ಓದು ಮುಗಿಸಿ ಬಂದ ದಿನ ಕೋಡಿಹಳ್ಳಿಯಲ್ಲಿ ಇಳಿದು, ಮಾವನ ಸ್ಕೂಟರಿನಲ್ಲಿ ಊರು ಸೇರಿದೆ. ಅತ್ತೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದವಳು ಕೈ ಒರೆಸಿಕೊಂಡು ಬಂದು ನನ್ನ ಮುಖ ಸವರಿ, ಕಾರಣವಿಲ್ಲದೆ ಬೈದು, ಅತ್ತಳು. ಊಟವಾದ ಮೇಲೆ ಸೂಟ್‌ಕೇಸು ಬಿಚ್ಚಿದೆ. ಎಲ್ಲರಿಗೂ ತಂದದ್ದನ್ನು ಕೊಟ್ಟು, ಕೊನೆಗೆ ಆ ಬೂದು ಕಾಲುಚೀಲವನ್ನು ಏನೂ ಹೇಳದೆ ಅತ್ತೆಯ ಮಡಿಲಿಗೆ ಹಾಕಿದೆ.

ಅತ್ತೆ ಉಣ್ಣೆಯ ಮೇಲೆ ಬೆರಳಾಡಿಸಿದಳು.

‘ಕೊಟ್ಟೇ ಕಳ್ಸಿದ್ಲಾ ಆವಮ್ಮ?’ ಎಂದಳು. ‘ಅವತ್ತೇ ಬ್ಯಾಡ ಅಂದಿದ್ದೆ.’

ಮನೆಯಲ್ಲಿ ಉಳಿದವರು ಚಾಕೊಲೇಟಿನ ಗಲಾಟೆಯಲ್ಲಿದ್ದರು, ಯಾರಿಗೂ ಕೇಳಿಸಲಿಲ್ಲ. ನಾನು ಅವಳ ಪಕ್ಕ ಕೂತು ಸಣ್ಣ ದನಿಯಲ್ಲಿ ಕೇಳಿದೆ. ‘ಅತ್ತೆ, ನೀನು ಅಲ್ಲಿಗೆ ಹೆಂಗೆ ಹೋದೆ?’

ಅವಳು ನನ್ನನ್ನು ನೋಡಿದಳು. ಎರಡು ವರ್ಷ ಓದಿ ಬಂದವಳು ಇಷ್ಟು ದಡ್ಡಿಯೇ ಎನ್ನುವ ನೋಟ. ‘ಹೆಂಗೋದೆ ಅಂದ್ರೆ ನನಗೇನು ಗೊತ್ತು, ಮಗ? ನೋಡ್ದೆ ಕಳ್ಸಕಾಯ್ತದಾ ನಿನ್ನ?’ ಎಂದು, ಕಾಲುಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ಹುಳದ ಕಡೆ ಎದ್ದು ಹೋದಳು.

ಮತ್ತೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಮೊನ್ನೆ ಚಳಿಗೆ ಆ ಕಾಲುಚೀಲ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು. ಎಡಗಾಲಿನ ಹೆಬ್ಬೆರಳ ಹತ್ತಿರ ಸವೆದಿತ್ತು. ನಾನು ಸೂಜಿದಾರ ತಂದು, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿದುಕೊಟ್ಟೆ. ನನಗೆ ಗೊತ್ತಿರುವುದು ಇಷ್ಟೇ.